ದಿನಾ ನೀರು ಹಾಕಿದರೂ ಲ್ಯಾವೆಂಡರ್ ಒಣಗುತ್ತಿದೆ, ಏನು ಮಾಡಲಿ?

ಒಣಮಣ್ಣು:
ನಮ್ಮದು ಮೆಡಿಟರೇನಿಯನ್ ಹವೆ. ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಒಂದು ಹನಿಯೂ ಇಲ್ಲ. ಏಪ್ರಿಲ್ ಕೊನೆಗೆ ಐದು ಲ್ಯಾವೆಂಡರ್, ಎರಡು ರೋಸ್ಮರಿ ನೆಟ್ಟೆ. ದಿನಾ ಸಂಜೆ ಪೈಪ್ ಹಿಡಿದು ನೀರು ಹಾಕುತ್ತೇನೆ. ಆದರೂ ಜುಲೈಗೆ ಮೂರು ಲ್ಯಾವೆಂಡರ್ ಹೋದವು. ಇನ್ನೂ ಜಾಸ್ತಿ ನೀರು ಬೇಕಾ? ಈಗಲೇ ನೀರಿನ ಬಿಲ್ ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಬೇರುಗಳ್ಳ:
ಜಾಸ್ತಿ ಬೇಡ ಮಾರಾಯ್ರೇ, ನಿಲ್ಲಿಸಿ! ಸತ್ತ ಗಿಡ ಒಂದನ್ನು ಕಿತ್ತು ಬೇರು ನೋಡಿ. ಕಂದಾಗಿದ್ದು, ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರದಂಥ ಎಳೆ ಮಾತ್ರ ಉಳಿದರೆ ಅದು ಬೇರು ಕೊಳೆ. ಬಿಸಿ ಮಣ್ಣು, ಮೇಲೆ ದಿನಾ ತೇವ, ಬೇರು ಕೊಳೆಸುವ ಫೈಟಾಫ್ಥೊರಾ ಅನ್ನೋ ಶಿಲೀಂಧ್ರದಂಥ ಸೂಕ್ಷ್ಮಜೀವಿಗೆ ಹಬ್ಬ. ಬೇಸಿಗೆಯಲ್ಲಿ ಈ ಗಿಡಗಳು ಬೆಳವಣಿಗೆ ನಿಲ್ಲಿಸಿ ಸುಮ್ನೆ ಕೂತಿರುತ್ತವೆ, ಬಾಡಿದ ಹಾಗೆ ಕಂಡರೂ ಸತ್ತಿರುವುದಿಲ್ಲ, ನಾವೇ ಕನಿಕರದಿಂದ ನೀರು ಹಾಕಿ ಕೊಲ್ಲುವುದು. ನಾನೂ ಎರಡು ವರ್ಷ ಹೀಗೇ ಕೊಂದಿದ್ದೇನೆ.

ಇನ್ನೊಂದು, ನೆಟ್ಟ ಕಾಲವೂ ತಪ್ಪು. ಹೂ ಬಿಟ್ಟಾಗ ನರ್ಸರಿಯಲ್ಲಿ ಚೆಂದ ಕಾಣುತ್ತೆ, ಎಲ್ಲರೂ ಆಗಲೇ ತರುತ್ತಾರೆ. ಅಕ್ಟೋಬರ್, ನವೆಂಬರ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ನೆಡಿ. ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಬೇಸಿಗೆ ಬರುವಷ್ಟರಲ್ಲಿ ಬೇರು ಆಳಕ್ಕೆ ಇಳಿದಿರುತ್ತದೆ.

ಹನಿಹನಿ:
ಡ್ರಿಪ್ ಹಾಕಿ ಟೈಮರ್ ಇಟ್ಟರೆ ಸಾಕಲ್ವಾ?

ಬೇರುಗಳ್ಳ:
ಟೈಮರ್ ದಿನಾ ಹತ್ತು ನಿಮಿಷಕ್ಕೆ ಇಟ್ಟರೆ ಅದೇ ತಪ್ಪನ್ನು ಮಿಷನ್ ಮಾಡುತ್ತೆ ಅಷ್ಟೇ. ಮೊದಲ ಬೇಸಿಗೆಗೆ ಗಿಡದ ಸುತ್ತ ಅಗಲವಾಗಿ ಪಾತಿ ಕಟ್ಟಿ, ಎರಡು ಮೂರು ವಾರಕ್ಕೊಮ್ಮೆ 20 ಲೀಟರ್ ನಿಧಾನಕ್ಕೆ ಇಂಗಿಸಿ. ಹಾಕುವ ಮುಂಚೆ ಉದ್ದದ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಕೆಳಗೆ ಇನ್ನೂ ತೇವ ಇದೆ ಅಂತ. ಮೇಲೆ 5 ಸೆಂಟಿಮೀಟರ್ ಜಲ್ಲಿ ಹರಡಿ, ಕಾಂಡಕ್ಕೆ ತಾಗಿಸಬೇಡಿ.

ಮಡಕೆ:
ಟೊಮೇಟೊಗೆ ಈ ಲೆಕ್ಕ ಹಾಕಬೇಡಿ, ಅದಕ್ಕೆ ನೀರು ಬೇಕೇ ಬೇಕು. ನಾನು ಪಕ್ಕದಲ್ಲಿ ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿಸಿ ಮುಚ್ಚಿಡುತ್ತೇನೆ. ಮಣ್ಣು ಒಣಗಿದಷ್ಟೂ ಜಿನುಗುತ್ತದೆ. ಮಳೆ ನೀರನ್ನೂ ಹಿಡಿಯಿರಿ, 10 ಚದರ ಮೀಟರ್ ಚಾವಣಿಗೆ 10 ಮಿಲಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 100 ಲೀಟರ್.

ಒಣಮಣ್ಣು:
ಈಗಷ್ಟೇ ಒಂದನ್ನು ಕಿತ್ತೆ. ಸಿಪ್ಪೆ ಕೈಗೇ ಬಂತು, ವಾಸನೆ ಬೇರೆ. ಪೈಪ್ ಸುತ್ತಿಟ್ಟೆ. ಅದೇ ಗುಂಡಿಗೆ ಹೊಸ ಲ್ಯಾವೆಂಡರ್ ನೆಡಬಹುದಾ?

ಬೇರುಗಳ್ಳ:
ಬೇಡ, ರೋಗ ಮಣ್ಣಲ್ಲೇ ಇರುತ್ತದೆ. ಬೇರೆ ಕಡೆ ದಿಬ್ಬ ಮಾಡಿ ನೆಡಿ, ಅದೂ ಅಕ್ಟೋಬರ್‌ಗೆ.