ಮುಂಬೈ ಬಂದರಿನಲ್ಲಿ ಇಳಿದು ಅದೇ ದಿನ ಹುಬ್ಬಳ್ಳಿ ವಿಮಾನ ಹಿಡಿಯಬಹುದಾ?

ಉಣಕಲ್ಲಿನವ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ-ಅವ್ವನನ್ನು ಕರೆದುಕೊಂಡು ಮುಂಬೈಯಿಂದ ಲಕ್ಷದ್ವೀಪಕ್ಕೆ ಕ್ರೂಸ್ ಹೊರಟಿದ್ದೇವೆ. ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ರಿಟೈರ್ ಆದವರು. ಸಮುದ್ರ ನೋಡಿದ್ದು ಕಾರವಾರದಲ್ಲಿ ಒಮ್ಮೆ, ಅದೂ ಯಾರದೋ ಮದುವೆಗೆ ಹೋದಾಗ.

ಹೋಗುವಾಗ ಚಿಂತೆ ಇಲ್ಲ. ಹಿಂದಿನ ದಿನವೇ ಹೋಗಿ ಮಾಟುಂಗಾದಲ್ಲಿ ಸೋದರಮಾವನ ಮನೆಯಲ್ಲಿ ಉಳಿಯುತ್ತೇವೆ. ತಲೆಬಿಸಿ ಇರುವುದು ವಾಪಸ್ ಬರುವಾಗ. ಹಡಗು ಬೆಳಿಗ್ಗೆ 8ಕ್ಕೆ ಬಂದರಿಗೆ ಬರುತ್ತದೆ ಅಂತ ಟಿಕೆಟಿನಲ್ಲಿದೆ. ಮಧ್ಯಾಹ್ನ 12ರ ಸುಮಾರಿನ ವಿಮಾನ ಹಿಡಿಯೋಣ ಅಂತ ನನ್ನ ಲೆಕ್ಕ. ನಾಲ್ಕು ತಾಸು ಇದೆ, ಸಾಕಲ್ವಾ?

ಇನ್ನೊಂದು. ಅವ್ವನ ಬಲ ಮೊಣಕಾಲಿಗೆ ಆಪರೇಷನ್ ಆಗಿ ಲೋಹದ ಕೀಲು ಹಾಕಿದ್ದಾರೆ. ಸೆಕ್ಯುರಿಟಿಯಲ್ಲಿ ನಿಲ್ಲಿಸಿಕೊಳ್ಳುತ್ತಾರಾ? ಇಬ್ಬರಿಗೂ ಇದು ಮೊದಲ ವಿಮಾನ. ಟಿಕೆಟ್ ಇನ್ನೂ ಬುಕ್ ಮಾಡಿಲ್ಲ.

ಬೆಟಗೇರಿ ಮಗ್ಗ:

ವಿಮಾನ ಯಾಕ್ರೀ? ದಾದರ್‌ನಿಂದ ರಾತ್ರಿ ಚಾಲುಕ್ಯ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ಹುಬ್ಬಳ್ಳಿ. ಮಾಟುಂಗಾ ದಾದರ್‌ಗೆ ಹತ್ತಿರ. ಹಗಲು ಮಾವನ ಮನೆಯಲ್ಲಿ ಜಳಕ, ಊಟ, ನಿದ್ದೆ. ಬೆಲ್ಟ್ ಬಿಚ್ಚು, ಚಪ್ಪಲಿ ಬಿಚ್ಚು ಅನ್ನೋರು ಯಾರೂ ಇಲ್ಲ.

ಉಣಕಲ್ಲಿನವ:

ಅಣ್ಣಾರ, ನಾನೂ ಅದನ್ನೇ ಹೇಳಿದೆ. ಜೀವಮಾನವೆಲ್ಲ ರೈಲಿನ ಕೆಳಗೆ ಮಲಗಿ ರಿಪೇರಿ ಮಾಡಿದ್ದೇನೆ, ಈಗ ಮೇಲಿಂದ ಹೋಗ್ತೀನಿ ಅಂತಾರೆ ಅಪ್ಪ. ಅವರ ಎದುರು ಏನು ಹೇಳಲಿ?

ಸಾಧನಕೇರಿ ಅಕ್ಕ:

ತಮ್ಮಾ, ಟಿಕೆಟ್ ಬುಕ್ ಮಾಡಿಲ್ಲ ಅಂತ ಓದಿ ಸಮಾಧಾನ ಆಯ್ತು. 12ರ ವಿಮಾನ ಬೇಡವೇ ಬೇಡ. ಹೋದ ವರ್ಷ ನಾನು ನಮ್ಮ ಅತ್ತೆಯನ್ನು ಕರೆದುಕೊಂಡು ಇದೇ ಪ್ರವಾಸ ಮಾಡಿ ಬಂದೆ. ಅವರಿಗೆ 74.

8 ಗಂಟೆ ಅನ್ನೋದು ಹಡಗು ಕಟ್ಟೆಗೆ ಬಂದು ನಿಲ್ಲುವ ಹೊತ್ತು, ನೀವು ಹೊರಗೆ ಬರುವ ಹೊತ್ತಲ್ಲ. ನಮ್ಮ ಹಡಗು ಎಂಟಕ್ಕೇ ಬಂತು. ನಾವು ಬಂದರಿನ ಗೇಟಿನ ಹೊರಗೆ ನಿಂತಾಗ ಹತ್ತೂಕಾಲು. ಹಗ್ಗ ಕಟ್ಟಬೇಕು, ಏಣಿ ಹಾಕಬೇಕು, ಕಾಗದಪತ್ರ ಆಗಬೇಕು. ಆಮೇಲೆ ಒಂದೊಂದೇ ಮಹಡಿಯವರನ್ನು ಕರೆಯುತ್ತಾರೆ. ಲಿಫ್ಟಿನ ಮುಂದೆ ವಯಸ್ಸಾದವರ ಸಾಲು. ಕೆಳಗೆ ಇಳಿದರೆ ದೊಡ್ಡ ಹಾಲ್‌ನಲ್ಲಿ ಲಗೇಜ್ ಹುಡುಕಬೇಕು, ಎಲ್ಲರದ್ದೂ ಕಪ್ಪು ಸೂಟ್‌ಕೇಸ್. ನಮ್ಮ ಅತ್ತೆ ನಮ್ಮದಕ್ಕೆ ಹಳೇ ಇಳಕಲ್ ಸೀರೆಯ ಸೆರಗಿನ ತುಂಡು ಕಟ್ಟಿದ್ದರು. ಕೆಂಪಗೆ ದೂರದಿಂದಲೇ ಕಂಡಿತು. ನೀವೂ ಏನಾದರೂ ಕಟ್ಟಿ.

ಹತ್ತೂಕಾಲಿಗೆ ಹೊರಗೆ ಬಂದು, ದಾರಿಗೆ ಒಂದು ತಾಸು ಹಿಡಿದರೂ ಹನ್ನೊಂದೂಕಾಲು. ಲಗೇಜ್ ತೆಗೆದುಕೊಳ್ಳುವ ಕೌಂಟರ್ ವಿಮಾನಕ್ಕೆ ಒಂದು ತಾಸು ಮೊದಲೇ ಮುಚ್ಚುತ್ತದೆ. ನಿಮ್ಮ 12ರ ವಿಮಾನದ ಕೌಂಟರ್ ಅಷ್ಟೊತ್ತಿಗೆ ಮುಚ್ಚಿ ಕಾಲು ತಾಸು ಆಗಿರುತ್ತದೆ. ಮೂರು ಗಂಟೆಗಿಂತ ಮೊದಲಿನದು ನೋಡಲೇಬೇಡಿ. ನೇರ ವಿಮಾನ ಸಿಗದಿದ್ದರೆ ಬೆಂಗಳೂರಿನಲ್ಲಿ ಬದಲಿಸಿ ಬರುವುದು ಸಿಗುತ್ತದೆ, ನಾವು ಹಾಗೇ ಬಂದೆವು. ಅದೂ ಇಲ್ಲವಾದರೆ ಮಾವನ ಮನೆಯಲ್ಲಿ ಇನ್ನೊಂದು ರಾತ್ರಿ.

ಈಗ ನಾನು ಮಾಡಿದ ತಪ್ಪು ಹೇಳ್ತೀನಿ. ಹಡಗಿನ ಕೊನೆಯ ರಾತ್ರಿ ದೊಡ್ಡ ಚೀಲಗಳಿಗೆ ಚೀಟಿ ಕಟ್ಟಿ ಕೋಣೆಯ ಹೊರಗೆ ಇಡಬೇಕು. ಅವರೇ ಒಯ್ದು ಕೆಳಗೆ ಹಾಕುತ್ತಾರೆ. ಬೆಳಿಗ್ಗೆಗೆ ಬೇಕಾದ್ದು ಮಾತ್ರ ಕೈಚೀಲದಲ್ಲಿ: ಗುಳಿಗೆ, ಆಧಾರ್, ಒಂದು ಜೊತೆ ಬಟ್ಟೆ. ಎಲ್ಲರೂ ಈ ಚೀಲವನ್ನು ಹಡಗಿನ ಲೆಕ್ಕದಲ್ಲೇ ತುಂಬುತ್ತಾರೆ. ಇದೇ ಚೀಲ ಮಧ್ಯಾಹ್ನ ವಿಮಾನ ನಿಲ್ದಾಣದ ಎಕ್ಸ್‌ರೇ ಒಳಗೆ ಹೋಗುತ್ತದೆ ಅನ್ನೋದು ನೆನಪಿರೋದಿಲ್ಲ.

ನಮ್ಮ ಅತ್ತೆಗೆ ಎದ್ದ ಕೂಡಲೇ ಎಲೆ-ಅಡಿಕೆ ಬೇಕು. ಅಷ್ಟು ದಿನ ದೊಡ್ಡ ಚೀಲದಲ್ಲಿದ್ದ ಅಡಕೊತ್ತನ್ನು ಆ ರಾತ್ರಿ ಕೈಚೀಲಕ್ಕೆ ಹಾಕಿಕೊಂಡಿದ್ದಾರೆ. ನನಗೆ ಗೊತ್ತಿಲ್ಲ. ಅದು ಅವರ ಮದುವೆಗೆ ತವರಿನವರು ಕೊಟ್ಟದ್ದು. ಹಿತ್ತಾಳೆ ಹಿಡಿ, ತುದಿಯಲ್ಲಿ ಎದುರುಬದುರು ಕೂತ ಎರಡು ಗಿಳಿ, ಬಾಯಿ ಮಾತ್ರ ಉಕ್ಕಿನದು. ಸೆಕ್ಯುರಿಟಿಯಲ್ಲಿ ಬೆಲ್ಟ್ ನಿಂತಿತು. ಪರದೆಯ ಮೇಲೆ ನೋಡಿದರೆ ಚೀಲದ ನಡುವೆ ಎರಡು ಗಿಳಿ ಸ್ಪಷ್ಟವಾಗಿ ಕೂತಿವೆ! ಸಿಐಎಸ್‌ಎಫ್ ಹೆಣ್ಣುಮಗಳು ಅದನ್ನು ಹೊರಗೆ ತೆಗೆದು, ಬಿಚ್ಚಿ, ಮುಚ್ಚಿ, ಇದೇನು ಅಂತ ಹಿಂದಿಯಲ್ಲಿ ಕೇಳಿದಳು. "ಅಡಕಿ ಕತ್ತರಸೂದ್ ಐತವಾ, ನಿನಗೂ ಒಂದ್ ಎಲಿ ಮಾಡಿ ಕೊಡ್ಲೇನು?" ಅಂದರು ನಮ್ಮ ಅತ್ತೆ. ಅವಳು ನಕ್ಕಳು, ಆದರೆ ಬಿಡಲಿಲ್ಲ. ಬಿಡುವ ಹಾಗೂ ಇಲ್ಲ, ಹರಿತವಾದದ್ದು ಕ್ಯಾಬಿನ್‌ಗೆ ಹೋಗುವಂತಿಲ್ಲ. ಇಲ್ಲೇ ಬಿಡಿ, ಇಲ್ಲವೇ ವಾಪಸ್ ಹೋಗಿ ಚೆಕ್-ಇನ್‌ಗೆ ಹಾಕಿ ಅಂದಳು. ಅತ್ತೆಯ ಮುಖ ನೋಡೋಕಾಗಲಿಲ್ಲ. ಹೇಳಿ-ಕೇಳಿ ಹೊರಗೆ ಬಂದು, ಟವೆಲ್ಲಿನಲ್ಲಿ ಸುತ್ತಿ, ಬಟ್ಟೆ ಚೀಲಕ್ಕೆ ಹಾಕಿ ಕೌಂಟರಿಗೆ ಕೊಟ್ಟೆ. ಇನ್ನೊಂದು ಲಗೇಜ್ ಅಂತ ದುಡ್ಡು ಕಟ್ಟಿದ್ದು ಹೊಸ ಅಡಕೊತ್ತಿಗಿಂತ ಜಾಸ್ತಿ ಆಯ್ತು. ಮೂರರ ಮೇಲಿನ ವಿಮಾನ ಅಂತ ಅಷ್ಟೆಲ್ಲ ಓಡಾಡಲು ಆಯ್ತು.

ಹಾಗಾಗಿ ಬಂದರಿನ ಹಾಲ್‌ನಲ್ಲಿ ದೊಡ್ಡ ಚೀಲ ಕೈಗೆ ಬಂದ ಕೂಡಲೇ ಪಕ್ಕಕ್ಕೆ ನಿಂತು ಎರಡೂ ಚೀಲ ಬಿಚ್ಚಿ. ಚಾಕು, ಕತ್ತರಿ, ಅಡಕೊತ್ತು, ಖಾರದ ಪುಡಿ, ಎಣ್ಣೆ ಉಪ್ಪಿನಕಾಯಿ ಕೈಚೀಲದಲ್ಲಿ ಇರಬಾರದು. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು. ಲೈಟರ್ ಎರಡರಲ್ಲೂ ಬೇಡ.

ಕೊಬ್ಬರಿ ಕಥೆ ಬೇರೆ. ಅಗತ್ತಿಯಲ್ಲಿ ಅತ್ತೆ ಎರಡು ಕಿಲೋ ಒಣ ಕೊಬ್ಬರಿ ಕೊಂಡಿದ್ದರು, ಮೊಮ್ಮಗಳ ಬಾಣಂತನದ ಅಂಟಿನ ಉಂಡಿಗೆ. "ಇಷ್ಟು ಛಲೋ ಕೊಬ್ಬರಿ ಧಾರವಾಡದಾಗ ಎಲ್ಲಿ ಸಿಗತೈತಿ?" ಅಂತ. ಕೌಂಟರಿನ ಹುಡುಗಿ ತೋರಿಸಿದ, ಚೆಕ್-ಇನ್ ಚೀಲಕ್ಕೆ ಹಾಕಬಾರದ್ದರ ಪಟ್ಟಿಯಲ್ಲಿ ಲೈಟರ್, ಪವರ್ ಬ್ಯಾಂಕ್ ಜೊತೆ ಒಣ ಕೊಬ್ಬರಿಯೂ ಇತ್ತು. ನಾನು ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ಒತ್ತಾಗಿ ತುಂಬಿಟ್ಟರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ವಿಮಾನದವರ ಲೆಕ್ಕದಲ್ಲಿ ಅಪಾಯದ ಸರಕು. ಎರಡು ಕಿಲೋ ಅಲ್ಲೇ ಬಿಟ್ಟು ಬಂದೆವು. ನಿಮಗೆ ಮಾವನ ಮನೆ ಇದೆಯಲ್ಲ, ಅಲ್ಲಿಗೆ ಕೊಡಿ.

ಮೊಣಕಾಲಿನ ಬಗ್ಗೆ ಹೆದರಬೇಡಿ. ಲೋಹ ಪತ್ತೆ ಮಾಡುವ ಬಾಗಿಲ ಚೌಕಟ್ಟು ಕೂಗುತ್ತದೆ, ಮೊದಲೇ ಹೇಳಿಬಿಡಿ. ಹೆಂಗಸರನ್ನು ಪರದೆಯ ಒಳಗೆ ಹೆಂಗಸರೇ ತಪಾಸಣೆ ಮಾಡುತ್ತಾರೆ, ಕೈಯಲ್ಲಿ ಹಿಡಿಯುವ ಯಂತ್ರ ಆಡಿಸುತ್ತಾರೆ, ಎರಡು ನಿಮಿಷ. ಆಸ್ಪತ್ರೆಯ ಚೀಟಿ ಇದ್ದರೆ ಒಳ್ಳೆಯದು, ಆದರೆ ಅದಿದೆ ಅಂತ ತಪಾಸಣೆ ತಪ್ಪೋದಿಲ್ಲ. ಗಾಲಿಕುರ್ಚಿ ಬುಕ್ ಮಾಡುವಾಗಲೇ ಕೇಳಿ, ಕಡೇಪಕ್ಷ 48 ತಾಸು ಮೊದಲು. ಹಡಗಿನಲ್ಲೂ ಕೇಳಿಡಿ, ಇಳಿಯುವಾಗ ಬೇಕಾಗುತ್ತದೆ. ಅಪ್ಪನ ಆಧಾರಿನಲ್ಲಿ ಹೆಸರು, ಅಡ್ಡಹೆಸರು ಹೇಗಿವೆಯೋ ಟಿಕೆಟಿನಲ್ಲೂ ಹಾಗೇ ಇರಲಿ.

ಬ್ಯಾಡಗಿ ಟು ಘಾಟ್ಕೋಪರ್:

ಅಕ್ಕಾರು ಹೇಳಿದ್ದು ಬರೋಬ್ಬರಿ. ನಾನು ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇನೆ, ದಾರಿಯ ಮಾತು ನನಗೆ ಬಿಡಿ.

ಬಂದರು ಇರುವುದು ಬಲ್ಲಾರ್ಡ್ ಪಿಯರ್ ಕಡೆ, ಸಿಎಸ್‌ಎಂಟಿ ಸ್ಟೇಷನ್ ಹತ್ತಿರ. ವಿಮಾನ ನಿಲ್ದಾಣ 20-25 ಕಿ.ಮೀ. ಆ ಭಾಗದಲ್ಲಿ ಆಟೋ ಇಲ್ಲ, ಹುಡುಕಬೇಡಿ. ಕಪ್ಪು-ಹಳದಿ ಟ್ಯಾಕ್ಸಿ ಅಥವಾ ಆ್ಯಪ್ ಕ್ಯಾಬ್. ಪಿ. ಡಿಮೆಲ್ಲೊ ರಸ್ತೆಯಿಂದ ಈಸ್ಟರ್ನ್ ಫ್ರೀವೇ ಹತ್ತಿಸಿ ಚೆಂಬೂರಿಗೆ ಇಳಿಸಲು ಹೇಳಿ. ಫ್ರೀವೇ ಮೇಲೆ ಸಿಗ್ನಲ್ ಇಲ್ಲ, ಗಾಡಿ ಓಡುತ್ತದೆ. ನಿಲ್ಲುವುದು ಚೆಂಬೂರಿನಿಂದ ಆಚೆ. ಒಂದು ತಾಸು ಅಂದುಕೊಳ್ಳಿ, ವಾರದ ದಿನ ಆದರೆ ಒಂದೂವರೆ.

ಮೆಟ್ರೋದ 3ನೇ ಲೈನು ಅಕ್ಟೋಬರ್ 2025ರಿಂದ ಕಫ್ ಪರೇಡ್ ತನಕ ಪೂರ್ತಿ ಓಡುತ್ತಿದೆ. ಸಿಎಸ್‌ಎಂಟಿಯಲ್ಲಿ ಹತ್ತಿದರೆ ಸೀದಾ ವಿಮಾನ ನಿಲ್ದಾಣ, ಟ್ರಾಫಿಕ್ ಗೊಡವೆ ಇಲ್ಲ. ನಾನೊಬ್ಬನೇ ಆದರೆ ಅದೇ. ಆದರೆ ಬಂದರಿನಿಂದ ಸ್ಟೇಷನ್ ತನಕ ಮೂರು ಸೂಟ್‌ಕೇಸ್ ಎಳೆದುಕೊಂಡು ಅವ್ವನನ್ನು ನಡೆಸಬೇಡಿ. ಅಷ್ಟು ಹತ್ತಿರಕ್ಕೆ ಟ್ಯಾಕ್ಸಿಯವರು ಬರುವುದೂ ಅನುಮಾನ.

ಟಿಕೆಟಿನಲ್ಲಿ ಟರ್ಮಿನಲ್ ನೋಡಿ. ದೇಶದೊಳಗಿನ ವಿಮಾನ 1ರಿಂದಲೂ ಹೋಗುತ್ತವೆ, 2ರಿಂದಲೂ ಹೋಗುತ್ತವೆ. ತಪ್ಪಿ ಇಳಿದರೆ ಮತ್ತೆ ಗಾಡಿ ಹತ್ತಬೇಕು. ಈಗ ನವಿ ಮುಂಬೈನದೂ ಶುರುವಾಗಿದೆ, ಡಿಸೆಂಬರ್ 2025ರಿಂದ. ಅಗ್ಗ ಅಂತ ಒತ್ತುವ ಮೊದಲು ಯಾವ ನಿಲ್ದಾಣ ಅಂತ ಓದಿ. ಹಾಗೆ ನೋಡಿದರೆ ಬಂದರಿನಿಂದ ಅದೇನೂ ಕಷ್ಟದ ದಾರಿಯಲ್ಲ, ಶಿವಡಿಯಲ್ಲಿ ಅಟಲ್ ಸೇತು ಹತ್ತಿದರಾಯ್ತು. ಅಪ್ಪನಿಗೆ ಸಮುದ್ರ ಇನ್ನೊಮ್ಮೆ ಕಾಣುತ್ತದೆ.

ಉಣಕಲ್ಲಿನವ:

ಎಲ್ಲರಿಗೂ ಥ್ಯಾಂಕ್ಸ್. ಅದೇ ದಿನದ ಆಸೆ ಬಿಟ್ಟೆ. ಒಂದು ರಾತ್ರಿ ಮಾಟುಂಗಾ, ಮರುದಿನ ವಿಮಾನ. ಧಾರವಾಡ ಪೇಡೆ ಒಯ್ಯಬಹುದಲ್ವಾ, ಮಾವನಿಗೆ?

ಅಕ್ಕಾ, ನಿಮ್ಮ ಉತ್ತರವನ್ನು ಅವ್ವನಿಗೆ ಓದಿ ಹೇಳಿದೆ. ಮೊಣಕಾಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಆ ಗಿಳಿ ಅಡಕೊತ್ತು ಮನಿಗೆ ಬಂತೇನ?" ಅಂತ ಕೇಳಿದರು.

ಸಾಧನಕೇರಿ ಅಕ್ಕ:

ಪೇಡೆ ಧಾರಾಳವಾಗಿ ಒಯ್ಯಿರಿ.

ಬಂತು ಅಂತ ಹೇಳು ಅವ್ವನಿಗೆ. ಹುಬ್ಬಳ್ಳಿಯಲ್ಲಿ ಎಲ್ಲರ ಸೂಟ್‌ಕೇಸ್ ಬಂದು ಹೋದ ಮೇಲೆ ಕೊನೆಗೆ ಆ ಬಟ್ಟೆ ಚೀಲ ಒಂದೇ ಬೆಲ್ಟಿನ ಮೇಲೆ ಸುತ್ತುತ್ತಾ ಬಂತು. ಕಾರಿನ ತನಕವೂ ತಡೆಯಲಿಲ್ಲ ನಮ್ಮ ಅತ್ತೆ. ಟ್ರಾಲಿಯ ಪಕ್ಕ ನಿಂತೇ ಒಂದು ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡರು.