ತಿಪ್ಪಗೊಂಡನಹಳ್ಳಿ ಜಲಾಶಯದ ಕ್ಯಾಚ್‌ಮೆಂಟಿನಲ್ಲಿ (ಅದಕ್ಕೆ ನೀರು ಹರಿದು ಬರುವ ಜಾಗದಲ್ಲಿ) ಲೇಔಟ್ ಕೇಳಿ ಬಂದರೆ ಪಂಚಾಯಿತಿ ಏನು ನೋಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ನೆಲಮಂಗಲ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮೂರಿನ ಹಳ್ಳ ಕುಮುದ್ವತಿ ನದಿಗೆ ಸೇರಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೋಗುತ್ತದೆ. ಈಗ ಹಳ್ಳದ ಪಕ್ಕದ 18 ಎಕರೆ ಹೊಲದಲ್ಲಿ ಲೇಔಟ್ ಮಾಡುತ್ತೇವೆ ಎಂದು ಬಂದಿದ್ದಾರೆ. ಊರಲ್ಲಿ ಎರಡು ಪಂಗಡ ಆಗಿದೆ. "ಬೆಂಗಳೂರಿನವರ ನೀರಿಗೋಸ್ಕರ ನಾವ್ಯಾಕೆ ಜಮೀನಿನ ಬೆಲೆ ಬಿಡಬೇಕು?" ಎಂದು ಕೆಲವರು ಕೇಳುತ್ತಾರೆ. ಅವರ ಮಾತೂ ಸುಳ್ಳಲ್ಲ. ಸಭೆಗೆ ಹೋಗುವ ಮುಂಚೆ ನಾನು ಏನೇನು ನೋಡಿಕೊಂಡಿರಬೇಕು?

ಉತ್ತರ (ಊರು ಯೋಜನೆಯ ಕೆಲಸದಲ್ಲಿರುವವರು): ಮೇಡಂ, ಆ ಮಾತಿಗೇ ಮೊದಲು ಉತ್ತರ ಹೇಳುತ್ತೇನೆ. 1933ರಲ್ಲಿ ಕಟ್ಟಿದ ಈ ಜಲಾಶಯ ದಶಕಗಟ್ಟಲೆ ಬೆಂಗಳೂರಿಗೆ ನೀರು ಕೊಟ್ಟಿದ್ದು ನಿಜ. ಆದರೆ 2012ರ ಹೊತ್ತಿಗೆ ಅಲ್ಲಿಂದ ಪಂಪ್ ಮಾಡುವುದು ನಿಂತುಹೋಯಿತು. ಬರುವ ನೀರು ಕಡಿಮೆಯಾಗಿತ್ತು, ಬಂದದ್ದೂ ಕೆಟ್ಟಿತ್ತು. ಬೆಂಗಳೂರಿಗೆ ಕಾವೇರಿ ಇತ್ತು, ಹೇಗೋ ನಡೆಯಿತು. ನಿಮ್ಮೂರಿಗೆ ಬೋರ್‌ವೆಲ್ ಬಿಟ್ಟರೆ ಬೇರೇನಿದೆ? ಹಳ್ಳಕ್ಕೆ ಹೋಗುವ ನೀರು, ನಿಮ್ಮ ಬೋರಿಗೆ ಇಳಿಯುವ ನೀರು ಎರಡೂ ಒಂದೇ ಇಳಿಜಾರಿನ ಮಳೆ. ಹಾಗಾಗಿ ಇದು ಮೊದಲು ನಿಮ್ಮ ನೀರಿನ ಪ್ರಶ್ನೆ.

ಒಂದು ಲೆಕ್ಕ ಹಾಕಿ ನೋಡಿ. ರಸ್ತೆ, ಪಾರ್ಕ್ ಕಳೆದರೂ 18 ಎಕರೆಯಲ್ಲಿ 30×40 ಅಡಿಯ ಸುಮಾರು 300 ಸೈಟು ಬೀಳುತ್ತವೆ. ಮನೆಗೆ ನಾಲ್ಕು ಜನ, ಒಬ್ಬರಿಗೆ ಪಟ್ಟಣದ ಲೆಕ್ಕದಲ್ಲಿ ದಿನಕ್ಕೆ 135 ಲೀಟರ್. ದಿನಕ್ಕೆ 1.62 ಲಕ್ಷ ಲೀಟರ್ ಆಯಿತು. ವರ್ಷಕ್ಕೆ 5.9 ಕೋಟಿ ಲೀಟರ್. ಈಗ ಮಳೆ ನೋಡಿ. ನಿಮ್ಮ ಕಡೆ ವರ್ಷಕ್ಕೆ ಸುಮಾರು 800 ಮಿ.ಮೀ. ಎಂದು ಹಿಡಿಯೋಣ. ಆ 18 ಎಕರೆಯ ಮೇಲೆ ಬೀಳುವ ಒಟ್ಟು ಮಳೆಯೇ 5.8 ಕೋಟಿ ಲೀಟರ್. ಒಂದು ಹನಿಯೂ ಹರಿಯದೆ, ಆರದೆ, ಪೂರ್ತಿ ನೆಲಕ್ಕೆ ಇಳಿದರೂ ಸಾಲದು! ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ ಇಳಿಯುವುದು ಅದರ ಸಣ್ಣ ಪಾಲು ಮಾತ್ರ. ಮಿಕ್ಕ ನೀರನ್ನು ಆ ಲೇಔಟಿನ ಬೋರ್‌ವೆಲ್ ಅಕ್ಕಪಕ್ಕದ ತೋಟಗಳ ಅಡಿಯಿಂದ ಎಳೆಯುತ್ತದೆ. ಸಭೆಯಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿ. "ನೀರು ಎಲ್ಲಿಂದ ತರುತ್ತೀರಿ?" ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ.

ಇನ್ನು ಕಾನೂನು. 2003ರ ನವೆಂಬರ್‌ನಲ್ಲಿ ಸರ್ಕಾರ ಈ ಇಡೀ ಕ್ಯಾಚ್‌ಮೆಂಟನ್ನು, ಅಂದರೆ 1,400 ಚದರ ಕಿ.ಮೀ.ಗೂ ಹೆಚ್ಚು ಜಾಗವನ್ನು, ವಲಯಗಳಾಗಿ ಭಾಗ ಮಾಡಿತು. ಜಲಾಶಯದ ಸುತ್ತ 2 ಕಿ.ಮೀ. ಒಂದು ವಲಯ, ಜಲಾಶಯಕ್ಕೆ ನೀರು ತರುವ ಅರ್ಕಾವತಿ, ಕುಮುದ್ವತಿ ನದಿಗಳ ದಡದಿಂದ 1 ಕಿ.ಮೀ. ಇನ್ನೊಂದು, ಅದರಾಚೆಗೆ ಮತ್ತೊಂದು. ಆಮೇಲೆ ಈ ಅಂತರಗಳನ್ನು ಸಡಿಲ ಮಾಡಿದರು. ಹಾಗಾಗಿ ಹಳೇ ಆದೇಶ ನೋಡಿ ವಾದ ಮಾಡಬೇಡಿ. ಈಗ ಜಾರಿಯಲ್ಲಿರುವ ಪ್ರತಿಯನ್ನು ನಿಮ್ಮ ಯೋಜನಾ ಪ್ರಾಧಿಕಾರದಿಂದ ತರಿಸಿಕೊಳ್ಳಿ.

ಆದರೆ ದಡದ ಪಟ್ಟಿ ಉಳಿಸಿದರೆ ನದಿ ಉಳಿಯುತ್ತದೆ ಎಂದುಕೊಳ್ಳಬೇಡಿ. ಆ ಪಟ್ಟಿ ಕೊಳಕು ತಡೆಯುತ್ತದೆ. ನೀರು ತರುವುದಿಲ್ಲ. ಅರ್ಕಾವತಿ ಯಾಕೆ ಬತ್ತಿತು ಎಂದು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಅಧ್ಯಯನ ಮಾಡಿದಾಗ, ಮಳೆ ಕಡಿಮೆಯಾದದ್ದು ಕಾರಣವಲ್ಲ ಎಂದು ಕಂಡರು. ಬೋರ್‌ವೆಲ್‌ಗಳು, ನೀಲಗಿರಿ ತೋಪುಗಳೇ ಮುಖ್ಯ ಕಾರಣ. ಅವು ಇರುವುದು ದಡದಲ್ಲಷ್ಟೇ ಅಲ್ಲ, ಇಡೀ ಇಳಿಜಾರಿನಲ್ಲಿ.

ಪ್ರಶ್ನೆ (ಅದೇ ಸದಸ್ಯೆ): ಲೆಕ್ಕ ನೋಡಿ ಎದೆ ಝಲ್ ಎಂದಿತು ಸರ್. ಆದರೆ ನಮ್ಮ ಹುಡುಗರಿಗೂ ಮನೆ ಬೇಕಲ್ವಾ? ಎಲ್ಲಕ್ಕೂ ಬೇಡ ಎಂದರೆ ಊರು ಬೆಳೆಯುವುದು ಹೇಗೆ?

ಉತ್ತರ: ಖಂಡಿತ ಬೇಕು. ಅದಕ್ಕೇ ಎಲ್ಲಿ ಬೇಡ ಎನ್ನುವ ಜೊತೆಗೆ ಎಲ್ಲಿ ಬೇಕು ಎಂದೂ ನೀವೇ ಹೇಳಿ. ಗ್ರಾಮ ನಕಾಶೆ ಹರಡಿ. ಮೊದಲು ನೀರಿನ ಗೆರೆಗಳನ್ನು ನೀಲಿ ಬಣ್ಣದಲ್ಲಿ ಎಳೆಯಿರಿ: ಹಳ್ಳ, ಕೆರೆ ಅಂಗಳ, ಕೋಡಿ ಕಾಲುವೆ, ಪಹಣಿಯಲ್ಲಿ ಬಿ-ಖರಾಬು (ಸಾಗುವಳಿ ಮಾಡದ, ಸಾರ್ವಜನಿಕ ಬಳಕೆಯ ಜಾಗ) ಎಂದಿರುವ ತುಂಡುಗಳು. ಹಳಬರನ್ನು ಕೂರಿಸಿಕೊಂಡೇ ಈ ಕೆಲಸ ಮಾಡಿ. ಜೋರು ಮಳೆಯಲ್ಲಿ ನೀರು ಎಲ್ಲಿ ಹಾದು ಹೋಗುತ್ತಿತ್ತು ಎನ್ನುವುದು ಅವರಿಗೆ ಗೊತ್ತು, ನಕಾಶೆಗೆ ಗೊತ್ತಿರುವುದಿಲ್ಲ. ಉಳಿದ ಜಾಗದಲ್ಲಿ ಗ್ರಾಮಠಾಣಕ್ಕೆ ಹೊಂದಿಕೊಂಡ ದಿಣ್ಣೆಯನ್ನು ಮನೆಗಳಿಗೆ ಗುರುತು ಮಾಡಿ. ಅಲ್ಲಿ ಮನೆಗಳು ಒತ್ತಾಗಿಯೇ ಇರಲಿ. ಒಂದೇ ಕಡೆ ಇದ್ದರೆ ಚರಂಡಿ, ಕೊಳಚೆ ಶುದ್ಧೀಕರಣ ಮಾಡಲು ಆಗುತ್ತದೆ. ಹೊಲಹೊಲಕ್ಕೆ ಚದುರಿದರೆ ಮನೆಗೊಂದು ಶೌಚದ ಪಿಟ್ಟು, ಅದರ ಕೊಳಚೆಯಿಂದ ಇಳಿಯುವ ನೈಟ್ರೇಟ್ ನಿಮ್ಮ ಬೋರಿಗೆ.

ಇದನ್ನೇ ಅಮೆರಿಕದ ನ್ಯೂಯಾರ್ಕ್‌ನವರು ಮಾಡಿದ್ದಾರೆ. ಅವರ ಕುಡಿಯುವ ನೀರಿನ ಬಹುಪಾಲು ಕ್ಯಾಟ್‌ಸ್ಕಿಲ್ ಬೆಟ್ಟದ ಹಳ್ಳಿಗಳ ಕಡೆಯಿಂದ ಬರುತ್ತದೆ. 1997ರಲ್ಲಿ ನಗರ ಮತ್ತು ಆ ಹಳ್ಳಿಗಳು ಕೂತು ಒಪ್ಪಂದ ಮಾಡಿಕೊಂಡವು. ಮಾರಲು ಮನಸ್ಸಿರುವವರ ಭೂಮಿಯನ್ನಷ್ಟೇ ನಗರ ಕೊಳ್ಳುತ್ತದೆ. ಕೊಂಡ ಮೇಲೂ ಅಲ್ಲಿನ ತೆರಿಗೆ ಕಟ್ಟುತ್ತದೆ. ಹಳ್ಳಿಯವರ ಸೆಪ್ಟಿಕ್ ಟ್ಯಾಂಕ್ ರಿಪೇರಿಗೂ ದುಡ್ಡು ಕೊಡುತ್ತದೆ. ಊರು ಬೆಳೆಯಬೇಕಾದ ಜಾಗವನ್ನು ಹಳ್ಳಿಗಳೇ ಗುರುತು ಮಾಡಿದರೆ, ಅಲ್ಲಿ ನಗರ ಭೂಮಿ ಕೊಳ್ಳುವಂತಿಲ್ಲ. ನಮ್ಮಲ್ಲಿ ನಿಯಮ ಬಂತು, ಕೊಡುಕೊಳ್ಳುವ ಮಾತು ಬರಲೇ ಇಲ್ಲ. ನಿಮ್ಮೂರಿನವರ ಸಿಟ್ಟು ನ್ಯಾಯವಾದದ್ದು ಎಂದು ನಾನು ಹೇಳುವುದು ಇದಕ್ಕೇ.

ಪ್ರಶ್ನೆ (ಒಬ್ಬ ರೈತರು): ಸ್ವಾಮಿ, ನಂದು ಮೂರು ಎಕರೆ ನೀಲಗಿರಿ ಇದೆ. ಕಿತ್ತರೆ ಏನು ಹಾಕಲಿ? ಕೂಲಿಯವರು ಸಿಗುವುದಿಲ್ಲ, ಅದಕ್ಕೇ ಹಾಕಿದ್ದು.

ಉತ್ತರ: ನಿಮ್ಮ ಕಷ್ಟ ಗೊತ್ತು ಅಣ್ಣ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಲ್ಲಿಸಿದೆ. ಇರುವುದನ್ನು ಕಡಿದ ಮೇಲೆ ಬುಡ ಬಿಟ್ಟರೆ ಮತ್ತೆ ಚಿಗುರುತ್ತದೆ, ನೀರೂ ಎಳೆಯುತ್ತದೆ. ಬುಡ ಸಮೇತ ತೆಗೆಸಿ. ಹುಣಸೆ, ನೇರಳೆ, ಹಲಸು, ಹೊಂಗೆ ಹಾಕಿದರೆ ಮೊದಲ ಎರಡು ಮೂರು ಬೇಸಿಗೆ ನೋಡಿಕೊಂಡರೆ ಸಾಕು, ಆಮೇಲೆ ಜಾಸ್ತಿ ಕೆಲಸ ಕೇಳುವುದಿಲ್ಲ. ನಡುವೆ ಕೆಲ ವರ್ಷ ರಾಗಿ, ಹುರುಳಿ ಬೆಳೆಯಬಹುದು. ಗುಂಡಿ ತೆಗೆಯಲು, ಬದು ಹಾಕಲು ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕೆಲಸ ಸಿಗುತ್ತದೆಯಾ ಎಂದು ಪಂಚಾಯಿತಿಯಲ್ಲಿ ಕೇಳಿ.

ಪ್ರಶ್ನೆ (ಸದಸ್ಯೆ): ಕೊನೆಯದಾಗಿ ಸರ್. ಕನ್ವರ್ಷನ್ (ಹೊಲವನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಡಿ.ಸಿ. ಆಫೀಸಿನಲ್ಲಿ, ಲೇಔಟ್ ನಕ್ಷೆ ಪ್ರಾಧಿಕಾರದಲ್ಲಿ. ನಮ್ಮ ಕೈಯಲ್ಲಿ ಏನಿದೆ?

ಉತ್ತರ: ಗ್ರಾಮಸಭೆಯ ನಿರ್ಣಯ ಇದೆ. ಸುಮ್ನೆ "ವಿರೋಧವಿದೆ" ಎಂದು ಬರೆಯಬೇಡಿ. ಸರ್ವೆ ನಂಬರ್, ಹಳ್ಳದ ಅಂತರ, ನೀರಿನ ಲೆಕ್ಕ, ಕೊಳಚೆ ಎಲ್ಲಿಗೆ ಹೋಗುತ್ತದೆ ಎನ್ನುವ ಪ್ರಶ್ನೆ, ಮನೆಗಳಿಗೆ ನೀವು ಗುರುತಿಸಿದ ದಿಣ್ಣೆ ಎಲ್ಲವನ್ನೂ ಸೇರಿಸಿ. ಎರಡೂ ಕಚೇರಿಗೆ ಕಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಕನ್ವರ್ಷನ್ ಆಗುವ ಮೊದಲೇ ಅದು ಕಡತ ಸೇರಬೇಕು, ಆಮೇಲೆ ಕಳಿಸಿದರೆ ತುಂಬಾ ಕಷ್ಟ. ನೀಲಿ ಗೆರೆ ಎಳೆದ ನಕಾಶೆಯ ಫೋಟೋ ಇಲ್ಲಿ ಹಾಕಿ ಮೇಡಂ, ಭಾನುವಾರ ಕೂತು ನೋಡುತ್ತೇನೆ.