ಚೆರ್ರಿ ಸಿಗಡಿಗಳ ಜೊತೆ ಯಾವ ಮೀನು ಹೊಂದುತ್ತದೆ? – ಅನುಭವ ಹಂಚಿಕೆ

ಪ್ರಶ್ನೆ

ನನ್ನ 60 ಲೀಟರಿನ ಅಕ್ವೇರಿಯಂನಲ್ಲಿ ನಾಲ್ಕು ತಿಂಗಳಿನಿಂದ ಹದಿನೈದು ಕೆಂಪು ಚೆರ್ರಿ ಸಿಗಡಿಗಳಿವೆ. ಈಗ ಎರಡರ ಹೊಟ್ಟೆಯಡಿ ಮೊಟ್ಟೆಗಳು ಕಾಣಿಸುತ್ತಿವೆ. ಸಿಗಡಿಗಳೆಲ್ಲ ತಳದಲ್ಲೇ ಇರುವುದರಿಂದ ನೀರಿನ ಮೇಲ್ಭಾಗ ಬರಿದಾಗಿ ಕಾಣುತ್ತದೆ. ಅಲ್ಲಿಗೆ ಒಂದು ಬೆಟ್ಟಾ (ಫೈಟರ್ ಮೀನು) ಅಥವಾ ಕೆಲವು ಗಪ್ಪಿಗಳನ್ನು ಬಿಡಬೇಕೆಂದಿದ್ದೇನೆ. ಸಿಗಡಿಗಳಿಗೆ ತೊಂದರೆ ಕೊಡದ ಜೊತೆಗಾರರು ಯಾರೆಂದು ಸಾಕಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಮೀನಿನ ಹೆಸರು ಹುಡುಕುವುದಕ್ಕೆ ಮುಂಚೆ ನೀವು ಒಂದು ವಿಷಯವನ್ನು ತೀರ್ಮಾನಿಸಿಕೊಳ್ಳಬೇಕು: ದೊಡ್ಡ ಸಿಗಡಿಗಳು ಬದುಕಿದ್ದರೆ ಸಾಕೇ, ಅಥವಾ ಮರಿಗಳೂ ಉಳಿದು ಸಂತತಿ ಹೆಚ್ಚಬೇಕೇ? ಈ ಎರಡಕ್ಕೂ ಉತ್ತರ ಬೇರೆ ಬೇರೆ. ಬೆಳೆದ ಚೆರ್ರಿ ಸಿಗಡಿ ಎರಡೂವರೆಯಿಂದ ಮೂರು ಸೆಂಟಿಮೀಟರ್ ಉದ್ದವಿರುತ್ತದೆ. ಸಣ್ಣ ಬಾಯಿಯ ಬಹಳಷ್ಟು ಮೀನುಗಳು ಅದರ ಗೋಜಿಗೆ ಹೋಗುವುದಿಲ್ಲ. ಆದರೆ ಮೊಟ್ಟೆಯೊಡೆದು ಹೊರಬರುವ ಮರಿ ತಾಯಿಯದೇ ಆಕಾರದಲ್ಲಿದ್ದರೂ ಗಾತ್ರದಲ್ಲಿ ಸುಮಾರು 2 ಮಿಲಿಮೀಟರ್ ಮಾತ್ರ. ಬಾಯಿಗೆ ಹಿಡಿಸುವ ಜೀವಿ ಎದುರಿಗೆ ಸಿಕ್ಕಾಗ ತಿನ್ನದೆ ಬಿಡುವ ಮೀನು ಬಹಳ ವಿರಳ.

ಇದನ್ನು ನಾನು ನಿಯಾನ್ ಟೆಟ್ರಾಗಳಿಂದ ಕಲಿತೆ. ಎಂಟು ನಿಯಾನ್‌ಗಳು ಮತ್ತು ಇಪ್ಪತ್ತು ಸಿಗಡಿಗಳು ಐದು ತಿಂಗಳು ಒಂದೇ ತೊಟ್ಟಿಯಲ್ಲಿದ್ದವು. ಒಂದು ಸಿಗಡಿಯೂ ಸಾಯಲಿಲ್ಲವಾದ್ದರಿಂದ ಎಲ್ಲವೂ ಸರಿಯಾಗಿದೆ ಎಂದೇ ನಂಬಿದ್ದೆ. ಆದರೆ ಹೆಣ್ಣುಗಳು ಮತ್ತೆ ಮತ್ತೆ ಮೊಟ್ಟೆ ಹೊತ್ತರೂ ಸಂಖ್ಯೆ ಮಾತ್ರ ಇಪ್ಪತ್ತನ್ನು ದಾಟಲೇ ಇಲ್ಲ. ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಿಸಿ ಕೆಲವು ವಾರಗಳಾದ ಮೇಲೆ ಒಂದು ರಾತ್ರಿ ಟಾರ್ಚ್ ಹಿಡಿದು ನೋಡಿದಾಗ, ಗಾಜಿನ ಚೂರಿನಂತೆ ಪಾರದರ್ಶಕವಾಗಿದ್ದ ಮರಿಯೊಂದು ಜಾವಾ ಮಾಸ್ ಎಂಬ ನೀರಿನ ಹಾವಸೆಗಿಡದ ಎಳೆಯ ತುದಿಯಲ್ಲಿ ಕುಳಿತು, ಕಣ್ಣಿಗೆ ಕಾಣದ ಏನನ್ನೋ ಹೆಕ್ಕಿ ಹೆಕ್ಕಿ ಬಾಯಿಗಿಟ್ಟುಕೊಳ್ಳುತ್ತಿತ್ತು. ಅದರ ಸುತ್ತ ಇನ್ನೂ ಹತ್ತಾರು ಮರಿಗಳಿದ್ದವು.

ಹೀಗಾಗಿ, ಮರಿಗಳೂ ಉಳಿಯಬೇಕೆಂದರೆ ನಾನು ಪೂರ್ತಿ ಭರವಸೆಯಿಂದ ಹೇಳಬಲ್ಲ ಮೀನು ಓಟೊಸಿಂಕ್ಲಸ್ ಒಂದೇ. ಪಾಚಿಯನ್ನು ಕೆರೆದು ತಿನ್ನುವ ಈ ಮೀನಿಗೆ ಸಿಗಡಿಮರಿಯ ಮೇಲೆ ಆಸೆಯಿಲ್ಲ. ಅದರ ಕಷ್ಟ ಬೇರೆಯದು: ಹೊಸ ತೊಟ್ಟಿಯಲ್ಲಿ ಸಾಕಷ್ಟು ಪಾಚಿ ಇರದೆ ಹಸಿವಿನಿಂದಲೇ ಸಾಯುತ್ತದೆ. ಅದು ಗಾಜಿಗೆ ಅಂಟಿಕೊಂಡಿರುವಾಗ ಹೊಟ್ಟೆಯನ್ನು ನೋಡಿ. ಉಬ್ಬಿದ್ದರೆ ಮೇವು ಸಿಗುತ್ತಿದೆ, ಒಳಕ್ಕೆ ಹೋಗಿದ್ದರೆ ಬೇಯಿಸಿದ ಸೌತೆಕಾಯಿಯ ಹೋಳನ್ನಾದರೂ ತಕ್ಷಣ ಹಾಕಬೇಕು. ಗುಂಪಿನಲ್ಲಿ ಬದುಕುವ ಮೀನಾದ್ದರಿಂದ ಒಂದೆರಡನ್ನು ಮಾತ್ರ ತರಬೇಡಿ.

ಆದರೆ ನೀವು ಕೇಳಿರುವುದು ಮೇಲ್ಭಾಗಕ್ಕೆ ಹೊಂದುವ ಮೀನು. ಒಂದಷ್ಟು ಮರಿಗಳು ಹೋದರೂ ಅಡ್ಡಿಯಿಲ್ಲ ಎನ್ನುವುದಾದರೆ ಚಿಲ್ಲಿ ರಾಸ್ಬೋರಾ ಅಥವಾ ಎಂಬರ್ ಟೆಟ್ರಾ ತರಬಹುದು. ಎರಡೂ ಸುಮಾರು 2 ಸೆಂಟಿಮೀಟರಿನವು, ಬಾಯಿಯೂ ಅಷ್ಟೇ ಪುಟ್ಟದು. ಪಿಗ್ಮಿ ಕೋರಿಡೋರಾಸ್ ಕೂಡ ಸಾಧು ಸ್ವಭಾವದ್ದು, ಉಳಿದ ಕೋರಿಡೋರಾಸ್‌ಗಳಂತೆ ತಳದಲ್ಲೇ ಇರದೆ ನೀರಿನ ನಡುವೆಯೂ ಈಜಾಡುತ್ತದೆ. ಯಾವುದನ್ನೇ ತಂದರೂ ತೊಟ್ಟಿಯ ಒಂದು ಮೂಲೆಯನ್ನು ಮಾಸ್‌ನಿಂದ ಒತ್ತಾಗಿ ತುಂಬಿಸಿ. ನೆಟ್ಟ ನಾಲ್ಕು ಉದ್ದನೆಯ ಗಿಡಗಳು ಮರಿಗಳಿಗೆ ಮರೆಯಾಗುವುದಿಲ್ಲ. ಮೀನಿನ ಮೂತಿ ತೂರಲಾರದಷ್ಟು ದಟ್ಟವಾದ ಎಳೆಗಳ ನಡುವೆ ಮಾತ್ರ ಅವು ಉಳಿಯುತ್ತವೆ.

ಬೆಟ್ಟಾ ಬೇಡವೆಂದೇ ನನ್ನ ಸಲಹೆ. ಒಂದೊಂದು ಬೆಟ್ಟಾದ ಸ್ವಭಾವ ಒಂದೊಂದು ಬಗೆ. ನನ್ನಲ್ಲಿದ್ದ ಒಂದು ಸಿಗಡಿಗಳತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅದರ ನಂತರ ತಂದದ್ದು ಮೊದಲ ದಿನವೇ ಸಿಗಡಿಗಳ ಮೀಸೆ, ಕಾಲುಗಳನ್ನು ಕಚ್ಚತೊಡಗಿತು. ಗಪ್ಪಿಗಳು ದೊಡ್ಡ ಸಿಗಡಿಗಳನ್ನು ಬಿಟ್ಟರೂ ದಿನವಿಡೀ ತೊಟ್ಟಿಯ ಮೂಲೆಮೂಲೆಯನ್ನು ಕೆದಕುತ್ತಿರುತ್ತವೆ, ಸಾಲದ್ದಕ್ಕೆ ತಾವೂ ಬೇಗ ಬೇಗ ಹೆಚ್ಚುತ್ತವೆ. ಏಂಜಲ್ ಫಿಶ್, ಗೋಲ್ಡ್ ಫಿಶ್, ಸಿಕ್ಲಿಡ್, ಪಫರ್, ದೊಡ್ಡ ಜಾತಿಯ ಲೋಚ್‌ಗಳ ವಿಚಾರವನ್ನಂತೂ ಬಿಟ್ಟೇಬಿಡಿ.

ಇನ್ನೊಂದು ಮಾತು. ಸಿಗಡಿಗಳು ಸತ್ತಿಲ್ಲ ಎಂದ ಮಾತ್ರಕ್ಕೆ ಅವು ನೆಮ್ಮದಿಯಾಗಿವೆ ಎಂದಲ್ಲ. ನೆಮ್ಮದಿಯಾಗಿರುವ ಸಿಗಡಿಗಳು ಹಗಲು ಬೆಳಕಿನಲ್ಲೇ ಎಲೆಗಳ ಮೇಲೆ, ಬಯಲು ಮರಳಿನ ಮೇಲೆ ಓಡಾಡಿಕೊಂಡು ಮೇಯುತ್ತವೆ. ಮೀನು ಬಿಟ್ಟು ವಾರ ಕಳೆದರೂ ಅವು ಮರದ ಬೇರಿನಡಿ ಅವಿತೇ ಇದ್ದರೆ ಆ ಮೀನು ಅಲ್ಲಿಗೆ ಹೊಂದುವುದಿಲ್ಲ ಎಂದು ತಿಳಿಯಿರಿ. ಪೊರೆ ಕಳಚಿದ ಸಿಗಡಿಯ ಮೈ ಗಟ್ಟಿಯಾಗುವವರೆಗೆ ಅದಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ಅದೂ ಅಲ್ಲದೆ, ಹೆಣ್ಣು ಪೊರೆ ಕಳಚಿದೊಡನೆ ಗಂಡುಗಳೆಲ್ಲ ಅದನ್ನು ಹುಡುಕುತ್ತಾ ತೊಟ್ಟಿಯ ತುಂಬ ಈಜಾಡುತ್ತವೆ; ಅದುವರೆಗೆ ಸುಮ್ಮನಿದ್ದ ಮೀನಿಗೂ ಆ ಹೊತ್ತಿನಲ್ಲಿ ಅಟ್ಟಿಸಿಕೊಂಡು ಹೋಗುವ ಹುಮ್ಮಸ್ಸು ಬರುತ್ತದೆ.

ಎರಡನೆಯ ಉತ್ತರ

ಮೇಲಿನವರು ಮೀನುಗಳ ಬಗ್ಗೆ ವಿವರವಾಗಿ ಹೇಳಿರುವುದರಿಂದ ನಾನು ಬೇರೆ ಸಿಗಡಿಗಳ ಮತ್ತು ಬಸವನಹುಳುಗಳ ವಿಷಯವನ್ನಷ್ಟೇ ಸೇರಿಸುತ್ತೇನೆ. ಚೆಂದಕ್ಕೆಂದು ನೀಲಿ ಅಥವಾ ಹಳದಿ ನಿಯೊಕ್ಯಾರಿಡಿನಾಗಳನ್ನು (ಚೆರ್ರಿಯೂ ಸೇರಿರುವ ಸಿಗಡಿ ಕುಲ) ಕೆಂಪು ಚೆರ್ರಿಗಳ ಜೊತೆ ಬೆರೆಸಬೇಡಿ. ಜಗಳವೇನೂ ಆಗುವುದಿಲ್ಲ, ಆದರೆ ಬಣ್ಣ ಬೇರೆಯಾದರೂ ಜಾತಿ ಒಂದೇ ಆದ್ದರಿಂದ ಅವು ಕೂಡಿ, ಕೆಲವೇ ತಲೆಮಾರುಗಳಲ್ಲಿ ಮರಿಗಳು ಮಂಕು ಕಂದು ಬಣ್ಣಕ್ಕೆ ಮರಳುತ್ತವೆ. ನಾನು ಎರಡು ಬಣ್ಣಗಳನ್ನು ಬೆರೆಸಿ ಒಂದು ಒಳ್ಳೆಯ ಕೆಂಪು ಸಂತತಿಯನ್ನು ಕಳೆದುಕೊಂಡಿದ್ದೇನೆ. ಅಮಾನೊ ಸಿಗಡಿಗೆ ಆ ತೊಡಕಿಲ್ಲ. ಅದು ಚೆರ್ರಿಯೊಂದಿಗೆ ಕೂಡುವುದಿಲ್ಲ, ಅದರ ಲಾರ್ವಾಗಳು ಬೆಳೆಯಲು ಉಪ್ಪುನೀರು ಬೇಕಾದ್ದರಿಂದ ನಿಮ್ಮ ತೊಟ್ಟಿಯಲ್ಲಿ ಹೆಚ್ಚುವುದೂ ಇಲ್ಲ. ಆದರೆ 5 ಸೆಂಟಿಮೀಟರಿನವರೆಗೆ ಬೆಳೆಯುವ ಅದು ಚೆರ್ರಿಗಳ ಮುಂದಿನ ಆಹಾರದ ಗುಳಿಗೆಯನ್ನು ಕಿತ್ತುಕೊಂಡು ಓಡುತ್ತದೆ. ಗುಳಿಗೆಯನ್ನು ಮುರಿದು ಎರಡು ಮೂರು ಕಡೆ ಹಾಕಿ. ಕ್ರಿಸ್ಟಲ್ ರೆಡ್ ಸಿಗಡಿಗಳಿಗೆ ಮೆದುವಾದ, ತುಸು ಆಮ್ಲೀಯ ನೀರು ಬೇಕಾಗುವುದರಿಂದ ಅವುಗಳಿಗೆ ಬೇರೆ ತೊಟ್ಟಿಯೇ ಸರಿ. ಉದ್ದನೆಯ ಇಕ್ಕುಳದಂಥ ತೋಳುಗಳಿರುವ ಮ್ಯಾಕ್ರೊಬ್ರಾಕಿಯಂ ಸಿಗಡಿಗಳು ಬೇಟೆಗಾರರು, ಅವನ್ನು ಸೇರಿಸಲೇಬೇಡಿ.

ಬಸವನಹುಳುಗಳಲ್ಲಿ ನೆರೈಟ್ ನನಗೆ ಬಹಳ ಮೆಚ್ಚುಗೆಯಾದದ್ದು. ಗಾಜಿನ ಮೇಲೆ ಬಿಳಿ ಚುಕ್ಕೆಗಳಂತೆ ಮೊಟ್ಟೆ ಅಂಟಿಸುತ್ತದಾದರೂ ಸಿಹಿನೀರಿನಲ್ಲಿ ಅವು ಮರಿಯಾಗಿ ಬೆಳೆಯುವುದಿಲ್ಲ. ಬೇರೆ ಬಸವನಹುಳುಗಳನ್ನು ತಿನ್ನಲೆಂದೇ ತರುವ ಅಸಾಸಿನ್ ಬಸವನಹುಳು, ಪೊರೆ ಕಳಚಿ ನಿತ್ರಾಣವಾಗಿರುವ ಸಿಗಡಿಯನ್ನೂ ಹಿಡಿಯಬಹುದು.

ಮೂರನೆಯ ಉತ್ತರ

ನಾವು ಆರಿಸದೆಯೇ ಬಂದು ಸೇರುವ ಜೊತೆಗಾರರ ಬಗ್ಗೆಯೂ ಎಚ್ಚರವಿರಲಿ. ನನ್ನ ತೊಟ್ಟಿಯಲ್ಲಿ ಮೀನೇ ಇಲ್ಲದಿದ್ದರೂ ಸಿಗಡಿಗಳು ದಿನಕ್ಕೊಂದರಂತೆ ಮಾಯವಾಗುತ್ತಿದ್ದವು. ಕೊನೆಗೆ ಗಿಡಗಳನ್ನೆಲ್ಲ ಹೊರತೆಗೆದು ಜಾಲಾಡಿದಾಗ, ಹೊಸ ಗಿಡದೊಂದಿಗೆ ಬಂದಿದ್ದ ಏರೋಪ್ಲೇನ್ ಚಿಟ್ಟೆಯ ಮರಿಹುಳುವೊಂದು ಸಿಕ್ಕಿತು. ಅದನ್ನು ತೆಗೆದ ದಿನದಿಂದ ಒಂದೂ ಕಡಿಮೆಯಾಗಲಿಲ್ಲ. ಗಿಡಗಳನ್ನು ಒಂದೆರಡು ವಾರ ಬೇರೆ ಬಕೆಟ್‌ನಲ್ಲಿಟ್ಟು, ಎಲೆ ಬುಡಗಳನ್ನು ಪರೀಕ್ಷಿಸಿಯೇ ತೊಟ್ಟಿಗೆ ಸೇರಿಸಿ.

ಹೊಸ ಮೀನನ್ನೂ ಮೂರು ನಾಲ್ಕು ವಾರ ಪ್ರತ್ಯೇಕವಾಗಿಡಿ. ಮೀನಿನ ರೋಗಗಳಿಗೆ ಕೊಡುವ ಹಲವು ಔಷಧಗಳಲ್ಲಿ ತಾಮ್ರ ಇರುತ್ತದೆ, ಸಿಗಡಿಗಳಿಗೆ ಅದು ವಿಷ. ಸಿಗಡಿಗಳಿರುವ ತೊಟ್ಟಿಯಲ್ಲೇ ಮೀನಿಗೆ ಕಾಯಿಲೆ ಬಂದರೆ ಆ ಔಷಧ ಹಾಕುವಂತೆಯೂ ಇಲ್ಲ, ಸುಮ್ಮನಿರುವಂತೆಯೂ ಇಲ್ಲ.

ನಿಮ್ಮ ಎರಡು ಹೆಣ್ಣುಗಳ ಮೊಟ್ಟೆ ಒಡೆಯಲು ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಈಗಲೇ ಮಾಸ್ ತಂದು ಬೆಳೆಯಲು ಬಿಡಿ, ಫಿಲ್ಟರ್ ನೀರೆಳೆಯುವ ಬಾಯಿಗೆ ಸ್ಪಂಜ್ ಕಟ್ಟಿ. ಇಲ್ಲದಿದ್ದರೆ ಮೀನಿಗಿಂತ ಮೊದಲು ಅದೇ ಮರಿಗಳನ್ನು ಎಳೆದುಕೊಳ್ಳುತ್ತದೆ. ಈ ಸಲದ ಮರಿಗಳು ಒಂದು ಸೆಂಟಿಮೀಟರ್ ದಾಟಿದ ಮೇಲೆ ಎಂಬರ್ ಟೆಟ್ರಾಗಳನ್ನು ಬಿಡಿ.